ಟೀಚಿಂಗಿಗೆ ಹೋಗಬೇಕು ಅನ್ನಿಸಿದಾಗ: ವಾರ್ಡಿನಿಂದ ವಿಶ್ವವಿದ್ಯಾಲಯಕ್ಕೆ ಐದು ದಾರಿ

ನೈಟ್ ಡ್ಯೂಟಿ ಮುಗಿಸಿ, ಮುಂದಿನ ಶಿಫ್ಟಿನವರಿಗೆ ರೋಗಿಗಳ ಹ್ಯಾಂಡೋವರ್ ಕೊಟ್ಟು, ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ ಈ ಮಾತು ಬರುತ್ತದೆ. "ನಾನೂ ಟೀಚಿಂಗಿಗೆ ಬಂದುಬಿಡಲಾ?" ನನ್ನ ಜೊತೆ ಕೆಲಸ ಮಾಡಿದ ನರ್ಸ್‌ಗಳು ಕೇಳಿದ್ದಾರೆ, ಫಿಸಿಯೋಥೆರಪಿಸ್ಟ್‌ಗಳು ಕೇಳಿದ್ದಾರೆ, ಒಬ್ಬಿಬ್ಬರು ಡಾಕ್ಟರುಗಳೂ ಕೇಳಿದ್ದಾರೆ. ನಾನು ತಿರುಗಿ ಕೇಳುವುದು ಒಂದೇ. "ಯಾವ ಟೀಚಿಂಗ್?"

ಸುಮ್ನೆ ಮಾತಿಗೆ ಕೇಳುವುದಲ್ಲ ಇದು. ಹೊರಗಿನಿಂದ ನೋಡಿದರೆ ಈ ಕಡೆ ಆಸ್ಪತ್ರೆ, ಆ ಕಡೆ ವಿಶ್ವವಿದ್ಯಾಲಯ, ನಡುವೆ ಒಂದು ಬಾಗಿಲು ಅನ್ನಿಸುತ್ತದೆ. ಒಳಗೆ ಬಂದ ಮೇಲೆ ಗೊತ್ತಾಗುತ್ತದೆ, ಅಲ್ಲಿ ಕನಿಷ್ಠ ಐದು ಬೇರೆ ಬೇರೆ ಕೆಲಸಗಳಿವೆ ಅಂತ. ವಾರ್ಡಿನಲ್ಲೇ ಇದ್ದು ವಿದ್ಯಾರ್ಥಿಗಳಿಗೆ ಕಲಿಸುವುದು. ಗಂಟೆ ಲೆಕ್ಕದಲ್ಲಿ ಹೋಗಿ ಪಾಠ ಮಾಡಿ ಬರುವುದು. ಅರ್ಧ ವಾರ ಇಲ್ಲಿ, ಅರ್ಧ ವಾರ ಅಲ್ಲಿ ಇರುವ ಜಂಟಿ ಹುದ್ದೆ. ಗೊಂಬೆಗಳ ಮೇಲೆ ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬ್. ಆಮೇಲೆ ಪೂರ್ತಿಯಾಗಿ ಲೆಕ್ಚರರ್ ಆಗುವುದು. ಒಂದಕ್ಕೆ ಒಗ್ಗುವವರು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ.

ನಾನು 12 ವರ್ಷ ವಾರ್ಡ್ ಮತ್ತು ಐಸಿಯುನಲ್ಲಿದ್ದ ನರ್ಸ್. ಈಗ ಪಾಠ ಮಾಡುತ್ತೇನೆ. ಈ ಐದೂ ದಾರಿಗಳಲ್ಲಿ ಒಂದಿಷ್ಟು ದೂರ ನಡೆದಿದ್ದೇನೆ. ಹಾಗಾಗಿ ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಜಾಸ್ತಿಯೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಆರಿಸುವಾಗ ಹುದ್ದೆಯ ಹೆಸರು ನೋಡಬೇಡಿ. ಎರಡು ವಿಷಯ ನೋಡಿ. ಪಾಠ ಮಾಡುವಾಗ ನೀವು ರೋಗಿಯಿಂದ ಎಷ್ಟು ದೂರದಲ್ಲಿರುತ್ತೀರಿ? ದಿನದ ಕೊನೆಗೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಹೋಗಲು ಆಗುತ್ತದಾ?

ಕೆಲಸ ಬರುತ್ತದೆ, ಕಲಿಸಲು ಬರುತ್ತದಾ?

ಯಾವ ದಾರಿ ಹಿಡಿದರೂ ಮೊದಲು ಎದುರಾಗುವುದು ಇದು. ಅದಕ್ಕೇ ಇದನ್ನು ಮೊದಲು ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳಿಗೆ ಕ್ಯಾನುಲಾ (ರಕ್ತನಾಳದೊಳಗೆ ಬಿಡುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಹಾಕುವುದನ್ನು ನಾನು ಮೊದಲ ಸಲ ತೋರಿಸಿದ ದಿನ. ತೋಳಿಗೆ ಟೂರ್ನಿಕೆಟ್ ಪಟ್ಟಿ ಬಿಗಿಯಾಗಿ ಕಟ್ಟಿದೆ. ಬೆರಳಿಂದ ಒತ್ತಿ ನೋಡಿದೆ. ಚರ್ಮ ಎಳೆದು ಹಿಡಿದೆ. ಸೂಜಿ ಹೋಯಿತು, ರಕ್ತ ಕಂಡಿತು, ಕ್ಯಾನುಲಾ ಜಾರಿಸಿದೆ, ಸೂಜಿ ಹೊರಗೆ ತೆಗೆದೆ. ನೋಡನೋಡುತ್ತಲೇ ಮುಗಿದುಹೋಯಿತು. ಹಿಂದೆ ನಿಂತಿದ್ದ ಒಬ್ಬಳು ಕೇಳಿದಳು, "ಅದೇ ವೇನ್ ಅಂತ ನಿಮಗೆ ಹೇಗೆ ಗೊತ್ತಾಯ್ತು?" "ಮುಟ್ಟಿದರೆ ಗೊತ್ತಾಗುತ್ತೆ" ಅಂದೆ. ಅವಳು ತಲೆಯಾಡಿಸಿದಳು. ಆದರೆ ಅವಳಿಗೆ ಏನೂ ಸಿಕ್ಕಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಆ ರಾತ್ರಿ ಮನೆಯಲ್ಲಿ ನನ್ನ ತೋಳಿಗೇ ಟೂರ್ನಿಕೆಟ್ ಕಟ್ಟಿಕೊಂಡು ಕೂತೆ. ಕಣ್ಣು ಮುಚ್ಚಿ ಒತ್ತಿ ನೋಡುತ್ತಾ, ಬೆರಳಿಗೆ ಗೊತ್ತಾಗುವುದನ್ನು ಬಾಯಿಂದ ಹೇಳಲು ನೋಡಿದೆ. ಒತ್ತಿ ಬಿಟ್ಟರೆ ಮೆತ್ತಗೆ ಎದ್ದು ಬರುವುದು ವೇನ್, ಹೃದಯಕ್ಕೆ ರಕ್ತ ಒಯ್ಯುವ ನಾಳ. ತಂತಿಯ ಹಾಗೆ ಬಿಗಿಯಾಗಿದ್ದು, ಟೂರ್ನಿಕೆಟ್ ಬಿಚ್ಚಿದರೂ ಹಾಗೇ ಇರುವುದು ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಬಡಿದುಕೊಳ್ಳುವುದು ಹೃದಯದಿಂದ ರಕ್ತ ತರುವ ಆರ್ಟರಿ, ಅದರ ಹತ್ತಿರ ಹೋಗಬಾರದು. ಇನ್ನೊಂದು: ರಕ್ತ ಕಂಡ ಕೂಡಲೇ ಕ್ಯಾನುಲಾ ಜಾರಿಸಬಾರದು. ಸೂಜಿಯ ತುದಿ ಪ್ಲಾಸ್ಟಿಕ್ ನಳಿಕೆಗಿಂತ ಸ್ವಲ್ಪ ಮುಂದಿರುತ್ತದೆ. ರಕ್ತ ಕಂಡಾಗ ಸೂಜಿ ಒಳಗೆ ಹೋಗಿರುತ್ತದೆ, ನಳಿಕೆ ಇನ್ನೂ ಹೋಗಿರದೇ ಇರಬಹುದು. ಕೋನ ತಗ್ಗಿಸಿ ಇನ್ನೊಂದೆರಡು ಮಿಲಿಮೀಟರ್ ಹೋಗಬೇಕು. ಇದನ್ನು ನಾನು ಸಾವಿರಾರು ಸಲ ಮಾಡಿದ್ದೆ. ಮಾತಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಬಾಯಲ್ಲಿ ಹೇಳಲು ಬರುವುದಕ್ಕಿಂತ ನಮಗೆ ಗೊತ್ತಿರುವುದೇ ಜಾಸ್ತಿ ಎಂದು ತತ್ವಶಾಸ್ತ್ರಜ್ಞ ಮೈಕೆಲ್ ಪೊಲಾನಿ 1966ರಲ್ಲಿ ಬರೆದಿದ್ದರು. ನರ್ಸಿಂಗಿನಲ್ಲಿ ಇದನ್ನೇ ಪ್ರಾಧ್ಯಾಪಕಿ ಪ್ಯಾಟ್ರಿಶಿಯಾ ಬೆನ್ನರ್ 1984ರಲ್ಲಿ ಐದು ಮೆಟ್ಟಿಲಾಗಿ ಬಿಡಿಸಿಟ್ಟರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಮೇಲಿನ ಮೆಟ್ಟಿಲಿನವರು ಇಡೀ ಪರಿಸ್ಥಿತಿಯನ್ನು ಒಂದೇ ನೋಟದಲ್ಲಿ ಹಿಡಿಯುತ್ತಾರೆ, ನಿಯಮ ಅವರ ನೆನಪಿಗೂ ಬರುವುದಿಲ್ಲ. ಕಲಿಸಲು ಹೋಗುವವರಿಗೆ ಇಲ್ಲೇ ಕಷ್ಟ. ನೀವು ಮರೆತ ನಿಯಮವೇ ವಿದ್ಯಾರ್ಥಿಗೆ ಬೇಕಾಗಿರುವುದು. ಜೊತೆಗೆ, ರೋಗಿಯ ವಿಷಯದಲ್ಲಿ ಐದನೇ ಮೆಟ್ಟಿಲಲ್ಲಿದ್ದರೂ ಪಾಠದ ವಿಷಯದಲ್ಲಿ ನೀವು ಮತ್ತೆ ಒಂದನೇ ಮೆಟ್ಟಿಲಿಗೆ ಇಳಿದಿರುತ್ತೀರಿ. ಹದಿನೈದು ವರ್ಷ ಅನುಭವ ಇರುವವರಿಗೆ ಇದು ನೋಯುತ್ತದೆ. ನನಗೂ ನೋವಾಯಿತು. ಇದು ಎಲ್ಲರಿಗೂ ಆಗುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲ.

ವಾರ್ಡಿನಲ್ಲೇ ಇದ್ದು ಕಲಿಸುವುದು

ಕೆಲವು ಕಡೆ ಪ್ರಿಸೆಪ್ಟರ್ ಅನ್ನುತ್ತಾರೆ, ಕೆಲವು ಕಡೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ಇನ್ನು ಕೆಲವು ಕಡೆ ಮೆಂಟರ್. ನಿಮ್ಮ ಕೆಲಸ, ಸಂಬಳ, ಸೀನಿಯಾರಿಟಿ ಎಲ್ಲಾ ಆಸ್ಪತ್ರೆಯಲ್ಲೇ ಇರುತ್ತದೆ. ಪೋಸ್ಟಿಂಗಿಗೆ ಬಂದ ವಿದ್ಯಾರ್ಥಿಗಳು ನಿಮ್ಮ ಜೊತೆ ಇರುತ್ತಾರೆ. ರೋಗಿಯಿಂದ ದೂರ ಅನ್ನುವುದೇ ಇಲ್ಲ. 1893ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಶುರುವಾದಾಗ ವೈದ್ಯ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಹಾಲಿನಿಂದ ಎಬ್ಬಿಸಿ ರೋಗಿಯ ಹಾಸಿಗೆ ಪಕ್ಕಕ್ಕೆ ಕರೆತಂದರು. ಆ ಕೆಲಸವನ್ನೇ ನೀವು ಮುಂದುವರಿಸುತ್ತಿರುತ್ತೀರಿ.

ತೊಂದರೆ ಏನೆಂದರೆ, ಕಲಿಸುವುದಕ್ಕೆ ಅಂತ ಡ್ಯೂಟಿಯಲ್ಲಿ ಒಬ್ಬ ರೋಗಿಯೂ ಕಡಿಮೆಯಾಗುವುದಿಲ್ಲ. ರೌಂಡ್ಸ್ ಇದೆ, ಔಷಧಿ ಸಮಯ ಇದೆ, ಡಿಸ್ಚಾರ್ಜ್ ಇದೆ. ವಾರ್ಡ್ ತುಂಬಿದ ದಿನ ಮೊದಲು ಕತ್ತರಿ ಬೀಳುವುದು ಪಾಠಕ್ಕೇ.

ಹಾಗಾಗಿ ಇಲ್ಲಿ ಬೇಕಾಗಿರುವುದು ಕಡಿಮೆ ಸಮಯದಲ್ಲಿ ಕಲಿಸುವ ಕೈಚಳಕ. 1992ರಲ್ಲಿ ಅಮೆರಿಕದ ಕೆಲವು ಫ್ಯಾಮಿಲಿ ಮೆಡಿಸಿನ್ ಶಿಕ್ಷಕರು ಐದು ಹೆಜ್ಜೆಯ ಒಂದು ಪದ್ಧತಿ ಬರೆದರು. ಆಮೇಲೆ ಅದಕ್ಕೆ ಒಂದು ನಿಮಿಷದ ಪ್ರಿಸೆಪ್ಟರ್ ಅಂತ ಹೆಸರು ನಿಂತಿತು. ವಿದ್ಯಾರ್ಥಿ ಬಂದು "ಮೂರನೇ ಬೆಡ್ಡಿನ ರೋಗಿ ಉಸಿರಾಟ ನಿಮಿಷಕ್ಕೆ 28" ಅಂದ ಅನ್ನಿ. ಕೂಡಲೇ ಉತ್ತರ ಹೇಳಿಬಿಡುವ ಆಸೆಯಾಗುತ್ತದೆ. ತಡೆಯಿರಿ. ಬೆಡ್ಡಿನ ಕಡೆ ಒಟ್ಟಿಗೆ ನಡೆಯುತ್ತಲೇ "ನಿನಗೆ ಏನನ್ನಿಸುತ್ತೆ?" ಅಂತ ಕೇಳಿ. "ಯಾಕೆ ಹಾಗನ್ನಿಸ್ತು?" ಅಂತ ಕೇಳಿ. ಆಮೇಲೆ ಒಂದು ಸಾಮಾನ್ಯ ನಿಯಮ ಹೇಳಿ: ಎಷ್ಟೋ ಸಲ ಬಿಪಿ ಕುಸಿಯುವ ಮೊದಲೇ ಉಸಿರಾಟದ ವೇಗ ಏರಿರುತ್ತದೆ, ಅದಕ್ಕೇ ಅದನ್ನು ಅಂದಾಜಿನಲ್ಲಿ ಬರೆಯದೆ ಪೂರ್ತಿ ನಿಮಿಷ ಎಣಿಸಬೇಕು. ಅವನು ಸರಿಯಾಗಿ ಮಾಡಿದ್ದನ್ನು ಹೆಸರಿಟ್ಟು ಹೇಳಿ. ತಪ್ಪಿದ್ದನ್ನು ತಿದ್ದಿ. ಅಷ್ಟೇ. ನಡೆದುಕೊಂಡು ಹೋಗುವಷ್ಟರಲ್ಲಿ ಒಂದು ಪಾಠ ಆಗಿರುತ್ತದೆ.

ಟೀಚಿಂಗ್ ನಿಮಗೆ ಇಷ್ಟವೋ ಅಲ್ಲವೋ ಅನ್ನುವುದು ಇನ್ನೂ ಗೊತ್ತಿಲ್ಲದಿದ್ದರೆ ಇಲ್ಲಿಂದ ಶುರು ಮಾಡಿ. ಒಂದು ವರ್ಷದಲ್ಲಿ ಉತ್ತರ ಸಿಗುತ್ತದೆ. ವಿದ್ಯಾರ್ಥಿಗಳ ಹೊಸ ಬ್ಯಾಚ್ ಬರುವ ದಿನ ನಿಮಗೆ ಖುಷಿಯಾಗುತ್ತಾ, ಅಥವಾ "ಇವತ್ತೂ ಇವರಾ" ಅನ್ನಿಸುತ್ತಾ? ಎರಡನೆಯದು ಯಾವಾಗಲಾದರೂ ಎಲ್ಲರಿಗೂ ಅನ್ನಿಸುತ್ತದೆ. ಯಾವಾಗಲೂ ಅನ್ನಿಸಿದರೆ ಮುಂದಿನ ನಾಲ್ಕು ದಾರಿ ಬೇಡ.

ಗಂಟೆ ಲೆಕ್ಕದ ಪಾಠ

ಗೆಸ್ಟ್ ಲೆಕ್ಚರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕರೆದಾಗ ಹೋಗುತ್ತೀರಿ, ನಿಮ್ಮ ವಿಷಯ ಹೇಳುತ್ತೀರಿ, ಬರುತ್ತೀರಿ. ಕ್ಲಾಸಿನ ಮುಂದೆ ನಿಲ್ಲುವ ಅಭ್ಯಾಸ ಆಗುತ್ತದೆ. ವಿಭಾಗದವರ ಪರಿಚಯ ಆಗುತ್ತದೆ, ಮುಂದೆ ಹುದ್ದೆ ಖಾಲಿಯಾದಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹಣ ಬರುವುದು ಸಾಮಾನ್ಯವಾಗಿ ನಿಂತು ಮಾತಾಡಿದ ಗಂಟೆಗೆ, ಕೂತು ತಯಾರಿ ಮಾಡಿದ ಗಂಟೆಗಲ್ಲ. ಮೊದಲ ಸಲ ಮಾಡುವ ಒಂದು ಗಂಟೆಯ ಪಾಠಕ್ಕೆ ಒಂದು ಇಡೀ ರಜಾ ದಿನ ಹೋಗುತ್ತದೆ. ಅದೇ ಪಾಠವನ್ನು ಮೂರನೇ ಸಲ ಮಾಡುವಾಗ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಪ್ರತಿ ಸಲ ಹೊಸ ವಿಷಯ ಒಪ್ಪಿಕೊಳ್ಳಬೇಡಿ. ಎರಡು ಮೂರು ವಿಷಯ ಇಟ್ಟುಕೊಂಡು ಅವನ್ನೇ ಚೆನ್ನಾಗಿ ಮಾಡಿ.

ಎರಡೂ ಕಡೆ ಇರುವ ಜಂಟಿ ಹುದ್ದೆ

ಕೇಳಲು ಇದೇ ಎಲ್ಲಕ್ಕಿಂತ ಚೆನ್ನಾಗಿದೆ. ಎರಡೂವರೆ ದಿನ ಆಸ್ಪತ್ರೆ, ಎರಡೂವರೆ ದಿನ ವಿಶ್ವವಿದ್ಯಾಲಯ. ಕೈಯ ಕೆಲಸ ಮರೆಯುವುದಿಲ್ಲ, ಪಾಠಕ್ಕೆ ಹೊಸ ಕೇಸ್ ಸಿಗುತ್ತಿರುತ್ತವೆ. ಒಳ್ಳೆಯ ದಿನಗಳಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಮಂಗಳವಾರ ಸೆಪ್ಸಿಸ್ (ಸೋಂಕಿನಿಂದ ಪ್ರಾಣಕ್ಕೇ ಅಪಾಯ ಬರುವ ಸ್ಥಿತಿ) ರೋಗಿಯೊಬ್ಬರನ್ನು ನೋಡಿಕೊಂಡಿರುತ್ತೀರಿ. ಗುರುವಾರ ಕ್ಲಾಸಿನಲ್ಲಿ ಹೆಸರು, ವಯಸ್ಸು, ಗುರುತು ಸಿಗುವ ವಿವರ ಎಲ್ಲಾ ತೆಗೆದು ಅದೇ ಕಥೆಯನ್ನು ಗಂಟೆ ಗಂಟೆಯಾಗಿ ಬೋರ್ಡಿನ ಮೇಲೆ ಬಿಡಿಸುತ್ತೀರಿ. ಜ್ವರ, ನಾಡಿ, ಮೂತ್ರದ ಪ್ರಮಾಣ. "ಈ ಗಂಟೆಯಲ್ಲಿ ನೀವಿದ್ದಿದ್ದರೆ ಯಾರನ್ನು ಕರೆಯುತ್ತಿದ್ದಿರಿ?" ಅಂದಾಗ ಇಡೀ ಕ್ಲಾಸ್ ಬೋರ್ಡಿನ ಕಡೆ ಬಾಗುತ್ತದೆ. ಪುಸ್ತಕದ ಕೇಸಿಗೆ ಅಷ್ಟು ಜೀವ ಬರುವುದಿಲ್ಲ.

ಆದರೆ ಅರ್ಧ ಅರ್ಧ ಅನ್ನುವುದು ಕಾಗದದ ಮೇಲೆ. ನಿಜದಲ್ಲಿ ಎರಡೂ ಕಡೆ ಮುಕ್ಕಾಲು ಮುಕ್ಕಾಲು ಕೆಲಸ ಬೀಳುತ್ತದೆ. ಯಾಕೆ ಅಂದರೆ, ಮೀಟಿಂಗ್, ಈಮೇಲ್, ಕಡ್ಡಾಯ ತರಬೇತಿ, ವಾರ್ಷಿಕ ಮೌಲ್ಯಮಾಪನ, ಇವು ಅರ್ಧ ಆಗುವುದಿಲ್ಲ. ಎರಡೂ ಕಡೆ ಪೂರ್ತಿ ಇರುತ್ತವೆ. ನಾನು ಈ ಹುದ್ದೆಯಲ್ಲಿದ್ದ ಎರಡನೇ ವರ್ಷ ಪರೀಕ್ಷೆಯ ಪೇಪರ್ ತಿದ್ದಿ ಕೊಡುವ ವಾರವೂ ವಾರ್ಡಿನಲ್ಲಿ ಮೂರು ಜನ ರಜೆಯಲ್ಲಿದ್ದ ವಾರವೂ ಒಂದೇ ಆಯಿತು. ವಾರ್ಡಿನ ಮುಖ್ಯಸ್ಥರಿಗೆ ನನ್ನ ಪರೀಕ್ಷಾ ವೇಳಾಪಟ್ಟಿ ಗೊತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಡ್ಯೂಟಿ ಪಟ್ಟಿ ಗೊತ್ತಿರಲಿಲ್ಲ. ಇಬ್ಬರೂ ಒಳ್ಳೆಯವರೇ. ಇಬ್ಬರೂ "ಈ ವಾರ ಒಂದಿನ ಹೆಚ್ಚಿಗೆ ಬನ್ನಿ" ಅಂದರು. ನಾನು ಇಬ್ಬರಿಗೂ ಹೂಂ ಅಂದೆ. ಭಾನುವಾರ ರಾತ್ರಿ ಒಂದು ಗಂಟೆಗೆ ಪೇಪರ್ ತಿದ್ದುತ್ತಾ ಒಂದೇ ಉತ್ತರವನ್ನು ಮೂರು ಸಲ ಓದಿದ್ದು, ಮೂರು ಸಲವೂ ತಲೆಗೆ ಹೋಗದೇ ಇದ್ದದ್ದು ನೆನಪಿದೆ. ಆ ವಿದ್ಯಾರ್ಥಿಗೆ ಅದು ಅನ್ಯಾಯ ಅಲ್ವಾ? ಪೆನ್ ಕೆಳಗಿಟ್ಟೆ. ಸೋಮವಾರ ಬೆಳಿಗ್ಗೆ ಇಬ್ಬರಿಗೂ ಒಂದೇ ಈಮೇಲ್ ಬರೆದೆ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡಿದ್ದು ಅದೇ ಮೊದಲು.

ಈ ಹುದ್ದೆ ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಇರಲಿ. ಯಾವ ದಿನ ಎಲ್ಲಿ ಅನ್ನುವುದು ವಾರದಿಂದ ವಾರಕ್ಕೆ ಬದಲಾಗಬಾರದು. ರಜೆ ಕೊಡುವವರು ಒಬ್ಬರೇ ಆಗಿರಬೇಕು. ಪರೀಕ್ಷೆಯ ವಾರಗಳನ್ನು ವರ್ಷದ ಶುರುವಿನಲ್ಲೇ ಡ್ಯೂಟಿ ಪಟ್ಟಿಯಲ್ಲಿ ಗುರುತಿಸಿರಬೇಕು. "ಅದೆಲ್ಲಾ ಹೊಂದಿಕೊಂಡು ಹೋಗೋಣ ಬಿಡಿ" ಅಂದರೆ, ಹೊಂದಿಕೊಳ್ಳುವವರು ನೀವೊಬ್ಬರೇ ಅಂತ ಅರ್ಥ.

ಸ್ಕಿಲ್ ಲ್ಯಾಬ್

ಈ ದಾರಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಎಮರ್ಜೆನ್ಸಿ, ಅನೆಸ್ತೇಶಿಯಾ, ಐಸಿಯು, ಆಂಬುಲೆನ್ಸ್ ಕಡೆಯಿಂದ ಬರುವವರಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಗೊಂಬೆಯ ಮೇಲೆ ಸಿಪಿಆರ್ ಕಲಿಸುವುದು ಇವತ್ತು ಮಾಮೂಲು. ನಾರ್ವೆಯಲ್ಲಿ ಆಟಿಕೆ ಮಾಡುತ್ತಿದ್ದ ಓಸ್ಮುಂಡ್ ಲೇರ್ಡಾಲ್ 1960ರಲ್ಲಿ ಆ ಗೊಂಬೆಯನ್ನು ತಂದರು. 1963ರ ಹೊತ್ತಿಗೆ ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ವೈದ್ಯರು ಆರೋಗ್ಯವಂತರಿಗೇ ತರಬೇತಿ ಕೊಟ್ಟು ರೋಗಿಯ ಪಾತ್ರ ಮಾಡಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡೆನ್ ಮತ್ತು ಸಂಗಡಿಗರು ಓಸ್ಕಿ (OSCE) ಎಂಬ ಪ್ರಾಯೋಗಿಕ ಪರೀಕ್ಷೆಯ ಬಗ್ಗೆ ಬರೆದರು. ವಿದ್ಯಾರ್ಥಿಗಳು ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗುತ್ತಾರೆ, ಎಲ್ಲರಿಗೂ ಒಂದೇ ಕೆಲಸ, ಒಂದೇ ಚೆಕ್‌ಲಿಸ್ಟ್. ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ ಅನ್ನುವ ಅದೃಷ್ಟದಾಟ ಕಡಿಮೆಯಾಯಿತು.

ಇಲ್ಲಿ ದಿನದ ಆಕಾರ ವಾರ್ಡಿನ ಹಾಗೇ ಇರುತ್ತದೆ. ಸೆಶನ್ ಶುರುವಾಗುತ್ತದೆ, ಮುಗಿಯುತ್ತದೆ. ಟ್ರೇ ತೊಳೆದಿಟ್ಟು, ಗೊಂಬೆ ಒರೆಸಿ, ಬೀಗ ಹಾಕಿ ಮನೆಗೆ ಹೋಗಬಹುದು. ಹ್ಯಾಂಡೋವರ್ ಕೊಟ್ಟ ನೆಮ್ಮದಿಗೆ ಹತ್ತಿರದ್ದು ಏನಾದರೂ ಟೀಚಿಂಗಿನಲ್ಲಿ ಇದ್ದರೆ ಅದು ಇದೇ. ನಿಜವಾದ ಕಲಿಕೆ ಅಭ್ಯಾಸಕ್ಕೆ ಕಟ್ಟಿದ ಸನ್ನಿವೇಶ ಮುಗಿದ ಮೇಲೆ ಆಗುತ್ತದೆ. ಹತ್ತು ನಿಮಿಷದ ಸನ್ನಿವೇಶ, ಇಪ್ಪತ್ತು ಮೂವತ್ತು ನಿಮಿಷದ ಮಾತುಕತೆ. ಆ ಮಾತುಕತೆಯಲ್ಲಿ ನಿಮಗೆ ಸುಮ್ಮನೆ ಕೂರಲು ಬರಬೇಕು. ಐಸಿಯುನಿಂದ ಬಂದವರಿಗೆ ಇದು ಕಷ್ಟ, ಏನಾದರೂ ತಪ್ಪು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಒಂದು ಮಿತಿ ಇದೆ. 1990ರಲ್ಲಿ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ ಬರೆದ ನಾಲ್ಕು ಹಂತದ ಪಿರಮಿಡ್ ಈಗ ವೈದ್ಯಕೀಯ ಶಿಕ್ಷಣದಲ್ಲಿ ಎಲ್ಲ ಕಡೆ ಕಾಣಿಸುತ್ತದೆ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ಕೆಲಸದಲ್ಲಿ ನಿಜವಾಗಿ ಮಾಡುತ್ತಾನೆ. ಲ್ಯಾಬ್ ಮೂರನೇ ಹಂತದವರೆಗೆ ಕರೆದೊಯ್ಯುತ್ತದೆ. ನಾಲ್ಕನೆಯದು ವಾರ್ಡಿನಲ್ಲೇ ಆಗಬೇಕು. ಅದನ್ನು ನೋಡುವ ಭಾಗ್ಯ ಲ್ಯಾಬಿನವರಿಗೆ ಸಿಗುವುದು ಕಡಿಮೆ. ಮೇಲಿನ ಹುದ್ದೆಗಳೂ ಇಲ್ಲಿ ಕಡಿಮೆ ಇರುತ್ತವೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪೂರ್ಣ ಪ್ರಮಾಣದ ಲೆಕ್ಚರರ್

ಬಹಳ ಜನರ ಮನಸ್ಸಿನಲ್ಲಿ ಟೀಚಿಂಗ್ ಅಂದರೆ ಇದೇ. ನೈಟ್ ಇಲ್ಲ, ಹಬ್ಬದ ದಿನ ಡ್ಯೂಟಿ ಇಲ್ಲ, ರಜೆ ಇದೆ. ನೈಟ್ ಇಲ್ಲ ಅನ್ನುವುದು ನಿಜ. ದೇಹಕ್ಕೆ ಅದು ದೊಡ್ಡ ಬಿಡುಗಡೆ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಬೆನ್ನು ನೋವಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದ ಅಪ್ಪ ಅಮ್ಮನಿಗೆ ಅಂತ ಬದಲಾಯಿಸುವವರಿಗೆ ಅದೊಂದೇ ಕಾರಣ ಸಾಕು.

ಆದರೆ ಕೆಲಸ ಕಡಿಮೆ ಅಂದುಕೊಂಡು ಬಂದವರು ಮೊದಲ ವರ್ಷವೇ ಸುಸ್ತಾಗುತ್ತಾರೆ. ವಾರ್ಡಿನ ಕೆಲಸಕ್ಕೆ ಅಂಚು ಇದೆ. ಎಷ್ಟೇ ಕೆಟ್ಟ ಶಿಫ್ಟ್ ಆದರೂ ಹ್ಯಾಂಡೋವರ್ ಅಂತ ಒಂದಿದೆ. ಇನ್ನೊಬ್ಬರು ಬರುತ್ತಾರೆ, ನೀವು ಹೇಳುತ್ತೀರಿ, ಹೊರಡುತ್ತೀರಿ. ಪಾಠದ ಕೆಲಸವನ್ನು ಒಪ್ಪಿಸಲು ಯಾರೂ ಬರುವುದಿಲ್ಲ. ನಾಳಿನ ಪಾಠ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನುವುದು ಮಲಗುವವರೆಗೂ ತಲೆಯಲ್ಲಿರುತ್ತದೆ.

ಮೊದಲ ವರ್ಷದ ನನ್ನ ತಪ್ಪು ಹೇಳುತ್ತೇನೆ, ಯಾಕೆಂದರೆ ವಾರ್ಡಿನಿಂದ ಬರುವ ಎಷ್ಟೋ ಜನ ಇದನ್ನೇ ಮಾಡುತ್ತಾರೆ. ಹೃದಯ ವೈಫಲ್ಯದ ಒಂದು ಗಂಟೆಯ ಪಾಠಕ್ಕೆ 64 ಸ್ಲೈಡ್ ಮಾಡಿಕೊಂಡು ಹೋದೆ. ಗೊತ್ತಿರುವುದನ್ನೆಲ್ಲಾ ಹೇಳದಿದ್ದರೆ ಯಾವುದೋ ರೋಗಿಗೆ ತೊಂದರೆ ಆದೀತು ಅನ್ನುವ ಭಯ. ವಾರ್ಡಿನಲ್ಲಿ ಆ ಭಯ ನಮ್ಮನ್ನು ಒಳ್ಳೆಯ ನರ್ಸ್ ಮಾಡುತ್ತದೆ. ಕ್ಲಾಸಿನಲ್ಲಿ ಅದೇ ಭಯ ಪಾಠವನ್ನು ಮುಳುಗಿಸುತ್ತದೆ. ಮುಂದಿನ ವರ್ಷ ಅದೇ ಪಾಠವನ್ನು 14 ಸ್ಲೈಡಿಗೆ ಇಳಿಸಿದೆ. ಉಳಿದ ಸಮಯದಲ್ಲಿ ಒಂದು ಪ್ರಶ್ನೆ ಹಿಡಿದುಕೊಂಡು ಕೂತೆವು: ಈ ರೋಗಿ ರಾತ್ರಿ ಮಲಗಲು ಮೂರು ದಿಂಬು ಯಾಕೆ ಕೇಳುತ್ತಾರೆ? ಕಾಲಿನಲ್ಲಿದ್ದ ನೀರು, ಮಲಗಿದಾಗ ಹೃದಯಕ್ಕೆ ವಾಪಸು ಬರುವ ರಕ್ತ, ಶ್ವಾಸಕೋಶದಲ್ಲಿ ಏರುವ ಒತ್ತಡ, ಎಲ್ಲಾ ಆ ಮೂರು ದಿಂಬಿನಿಂದಲೇ ಹೊರಬಂತು.

ಇಲ್ಲಿನ ಇನ್ನೊಂದು ಕಷ್ಟ, ಫಲ ತಡವಾಗಿ ಕಾಣಿಸುವುದು. ನೋವಿಗೆ ಔಷಧಿ ಕೊಟ್ಟರೆ ಅರ್ಧ ಗಂಟೆಯಲ್ಲಿ ರೋಗಿಯ ಮುಖ ಸಡಿಲವಾಗುತ್ತದೆ. ಪಾಠ ಫಲಿಸಿತೋ ಇಲ್ಲವೋ ಅನ್ನುವುದು ಗೊತ್ತಾಗಲು ವರ್ಷಗಳು ಬೇಕು, ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಆ ಖಾಲಿತನ ತಡೆದುಕೊಳ್ಳಲು ಆಗುತ್ತಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ವಿದ್ಯಾರ್ಥಿಯನ್ನು ಫೇಲ್ ಮಾಡುವುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಜೀವನವಿಡೀ ಜನರಿಗೆ ಸಮಾಧಾನ ಹೇಳುವ ಕೆಲಸ ಮಾಡಿದವರು ನಾವು. ಕಷ್ಟಪಟ್ಟು ಓದಿದ, ಆದರೆ ಔಷಧಿಯ ಡೋಸ್ ಲೆಕ್ಕ ಮೂರನೇ ಸಲವೂ ತಪ್ಪು ಮಾಡಿದ ವಿದ್ಯಾರ್ಥಿಯ ಎದುರು ಕೂತು "ಈ ಸಲ ಪಾಸ್ ಮಾಡಲು ಆಗುವುದಿಲ್ಲ" ಅನ್ನಬೇಕು. ಆಗ ನಾನು ನೆನಪಿಸಿಕೊಳ್ಳುವುದು ಮುಂದೆ ಅವನ ಕೈಗೆ ಸಿಗುವ ರೋಗಿಯನ್ನು. ಎದುರಿಗೆ ರೋಗಿ ಕಾಣದಿದ್ದರೂ ರೋಗಿಯ ಪರವಾಗಿ ನಿಲ್ಲುವ ಕೆಲಸ ಇದು. ಮಾತು ಮಾತ್ರ ನಿಧಾನವಾಗಿ, ಬಾಗಿಲು ಹಾಕಿಕೊಂಡು, ಮುಂದಿನ ದಾರಿ ಕೈಯಲ್ಲಿಟ್ಟುಕೊಂಡೇ ಆಡಬೇಕು.

ಆಮೇಲೆ ಸಂಶೋಧನೆ. ಬಹಳ ವಿಶ್ವವಿದ್ಯಾಲಯಗಳಲ್ಲಿ ಮೇಲೆ ಹೋಗಲು ಪಿಎಚ್‌ಡಿ ಬೇಕು, ಪ್ರಕಟವಾದ ಲೇಖನಗಳು ಬೇಕು. 1990ರಲ್ಲಿ ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬೋಯರ್ ವಿದ್ವತ್ತು ಅಂದರೆ ಹೊಸದನ್ನು ಕಂಡುಹಿಡಿಯುವುದು ಮಾತ್ರ ಅಲ್ಲ, ಜೋಡಿಸುವುದು, ಬಳಸುವುದು, ಕಲಿಸುವುದು ಕೂಡ ವಿದ್ವತ್ತೇ ಎಂದು ವಾದಿಸಿದರು. ನಮ್ಮಂಥವರಿಗೆ ಬಲ ಕೊಡುವ ವಾದ ಅದು. ಆದರೂ ಬಡ್ತಿಯ ಸಮಿತಿ ಮೊದಲು ತಿರುವಿ ನೋಡುವುದು ಎಷ್ಟೋ ಕಡೆ ಪ್ರಕಟಣೆಗಳ ಪಟ್ಟಿಯನ್ನೇ. ಓದುವುದು, ಬರೆಯುವುದು ನಿಜವಾಗಿ ಇಷ್ಟವಿದ್ದರೆ ಇದು ಹೊರೆ ಅನ್ನಿಸುವುದಿಲ್ಲ. ಇಷ್ಟವಿಲ್ಲದೆ ಬರೀ ಬಡ್ತಿಗಾಗಿ ಪಿಎಚ್‌ಡಿ ಹಿಡಿದವರು ಪಾಠದ ಜೊತೆಗೆ ಅದನ್ನು ಎಳೆಯುವುದು ನೋಡಲು ಕಷ್ಟವಾಗುತ್ತದೆ. ಪಿಎಚ್‌ಡಿ ಮಾಡುವುದೇ ಆದರೆ ನೀವು ವಾರ್ಡಿನಲ್ಲಿ ಕಂಡ, ಇವತ್ತಿಗೂ ಕಾಡುವ ಪ್ರಶ್ನೆಯನ್ನೇ ಇಟ್ಟುಕೊಳ್ಳಿ.

ದೊಡ್ಡ ಕ್ಲಾಸಿನ ಎದುರು ಭಾಷಣ ಮಾಡುವುದು ನನ್ನಿಂದ ಆಗದು ಅನ್ನುವವರಿಗೆ ಒಂದು ಮಾತು. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ವೈದ್ಯಕೀಯ ವಿದ್ಯಾರ್ಥಿಗಳನ್ನು ಸಣ್ಣ ಗುಂಪು ಮಾಡಿ, ಒಂದು ಸಮಸ್ಯೆ ಕೊಟ್ಟು, ತಾವೇ ಹುಡುಕಿ ಕಲಿಯುವ ಪದ್ಧತಿ ಶುರು ಮಾಡಿತು. ಈಗ ಅದು ಬಹಳ ಕಡೆ ಇದೆ. ಅಲ್ಲಿ ಶಿಕ್ಷಕರು ಮಾತಾಡುವುದು ಕಡಿಮೆ, ಕೇಳುವುದು ಜಾಸ್ತಿ. ಓಪಿಡಿಯಲ್ಲಿ ರೋಗಿಯ ಮಾತು ಕೇಳಿ ಅಭ್ಯಾಸ ಇರುವವರು ಇದರಲ್ಲಿ ಬೇಗ ಪಳಗುತ್ತಾರೆ.

ರಿಜಿಸ್ಟ್ರೇಶನ್ ಮತ್ತು ಕೈಯ ಕೆಲಸ

ಯಾವ ದಾರಿ ಹಿಡಿದರೂ ವೃತ್ತಿಯ ರಿಜಿಸ್ಟ್ರೇಶನ್ ಬಿಡಬೇಡಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ನರ್ಸ್‌ಗಳು ಮೂರು ವರ್ಷಕ್ಕೊಮ್ಮೆ ರಿಜಿಸ್ಟ್ರೇಶನ್ ನವೀಕರಿಸುವಾಗ 450 ಗಂಟೆಯ ವೃತ್ತಿ ಕೆಲಸ, 35 ಗಂಟೆಯ ಕಲಿಕೆ ತೋರಿಸಬೇಕು. ನರ್ಸಿಂಗ್ ಜ್ಞಾನ ಬಳಸಿ ಕಲಿಸುವ ಕೆಲಸವೂ ಆ 450 ಗಂಟೆಯಲ್ಲಿ ಸೇರುತ್ತದೆ. ನಿಮ್ಮ ರಿಜಿಸ್ಟ್ರೇಶನ್ ಮಂಡಳಿ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅನ್ನುವುದನ್ನು ರಾಜೀನಾಮೆ ಕೊಡುವ ಮೊದಲು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ರಿಜಿಸ್ಟ್ರೇಶನ್ ಉಳಿಯುವುದು ಬೇರೆ, ಕೈ ಪಳಗಿ ಉಳಿಯುವುದು ಬೇರೆ. ಪೂರ್ತಿ ಕ್ಲಾಸಿಗೆ ಹೋದ ಎರಡು ಮೂರು ವರ್ಷದಲ್ಲೇ ಹೊಸ ಪಂಪ್, ಹೊಸ ಪ್ರೋಟೋಕಾಲ್ ಬಂದಿರುತ್ತವೆ. ವಿದ್ಯಾರ್ಥಿಗಳು ಪೋಸ್ಟಿಂಗ್ ಮುಗಿಸಿ ಬಂದು "ಈಗ ಅಲ್ಲಿ ಹಾಗೆ ಮಾಡಲ್ಲ" ಅನ್ನುತ್ತಾರೆ. ಆ ಮಾತು ಕೇಳಿದಾಗ ಬೇಸರ ಮಾಡಿಕೊಳ್ಳದೆ "ಹೇಗೆ ಮಾಡ್ತಾರೆ, ತೋರಿಸು" ಅನ್ನಿ. ತಿಂಗಳಿಗೆ ಒಂದು ಶಿಫ್ಟ್ ಆದರೂ ವಾರ್ಡಿಗೆ ಹೋಗಲು ವಿಶ್ವವಿದ್ಯಾಲಯ ಬಿಡುತ್ತಾ ಅನ್ನುವುದು ನನ್ನ ಮಟ್ಟಿಗೆ ಸಂಬಳದಷ್ಟೇ ಮುಖ್ಯವಾದ ವಿಷಯ.

ಹಾಗಾದರೆ ಯಾರಿಗೆ ಯಾವುದು?

ವಾರ್ಡ್ ಇಷ್ಟ, ಶಿಫ್ಟ್ ಮಾತ್ರ ಸಾಕಾಗಿದೆ ಅನ್ನುವವರು ಪೂರ್ಣ ಪ್ರಮಾಣದ ಲೆಕ್ಚರರ್ ಹುದ್ದೆಗೆ ಹಾರಬೇಡಿ. ನಿಮಗೆ ಬೇಕಾಗಿರುವುದು ಬೇರೆ ಡ್ಯೂಟಿ ಪಟ್ಟಿ. ಓಪಿಡಿ, ಸಮುದಾಯದ ಕೆಲಸ, ಸ್ಕಿಲ್ ಲ್ಯಾಬ್ ಮೊದಲು ನೋಡಿ. ಶಿಫ್ಟ್ ತಡೆಯುತ್ತೇನೆ, ಆದರೆ ಪ್ರತಿ ಸಲ ವಿದ್ಯಾರ್ಥಿಗೆ ವಿವರಿಸುವಾಗ ದಿನ ಹಗುರಾಗುತ್ತದೆ ಅನ್ನುವವರು ಪ್ರಿಸೆಪ್ಟರ್ ಆಗಿ ಒಂದು ವರ್ಷ ಮಾಡಿ, ಆಮೇಲೆ ಜಂಟಿ ಹುದ್ದೆ ಸಿಕ್ಕರೆ ಬಿಡಬೇಡಿ. ಆ ಮೂರು ಷರತ್ತು ಮಾತ್ರ ಮರೆಯಬೇಡಿ. ಪುಸ್ತಕ ಹಿಡಿದರೆ ಸಮಯ ಹೋದದ್ದು ಗೊತ್ತಾಗುವುದಿಲ್ಲ, ಒಂದೇ ಪ್ರಶ್ನೆಯ ಹಿಂದೆ ತಿಂಗಳುಗಟ್ಟಲೆ ಬೀಳಬಲ್ಲೆ ಅನ್ನುವವರಿಗೆ ಪೂರ್ಣ ಪ್ರಮಾಣದ ಹುದ್ದೆ ಮತ್ತು ಪಿಎಚ್‌ಡಿ ನಿಜವಾಗಿ ಒಳ್ಳೆಯದು.

ಹಣದ ವಿಷಯ ಬಚ್ಚಿಡಬಾರದು. ನೈಟ್ ಮತ್ತು ವಾರಾಂತ್ಯದ ಭತ್ಯೆ ನಿಂತರೆ ಕೈಗೆ ಬರುವ ಸಂಬಳ ಎಷ್ಟೋ ಜನರಿಗೆ ಮೊದಮೊದಲು ಇಳಿಯುತ್ತದೆ. ಸ್ವಂತ ಪ್ರಾಕ್ಟೀಸ್ ಇರುವ ಡಾಕ್ಟರುಗಳಿಗೆ ಈ ಇಳಿತ ಇನ್ನೂ ಜಾಸ್ತಿ. ಮೂಲ ವೇತನವನ್ನು ಮೂಲ ವೇತನದ ಜೊತೆ ಹೋಲಿಸಿ ಸಮಾಧಾನ ಪಟ್ಟುಕೊಳ್ಳಬೇಡಿ. ಕಳೆದ ಆರು ತಿಂಗಳು ಖಾತೆಗೆ ನಿಜವಾಗಿ ಬಂದ ಮೊತ್ತದ ಜೊತೆ ಹೋಲಿಸಿ. ಹುದ್ದೆ ಕಾಯಂ ಆ, ಗುತ್ತಿಗೆಯಾ ಅನ್ನುವುದನ್ನೂ ಅದೇ ಹಾಳೆಯ ಮೇಲೆ ಬರೆದುಕೊಳ್ಳಿ.

ಸಂದರ್ಶನಕ್ಕೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಮೊದಲ ವರ್ಷ ವಾರಕ್ಕೆ ಎಷ್ಟು ಗಂಟೆ ಕ್ಲಾಸ್? ಅದರಲ್ಲಿ ಎಷ್ಟು ನನಗೆ ಹೊಸ ವಿಷಯ? ಒಂದು ಪರೀಕ್ಷೆಗೆ ಎಷ್ಟು ಪೇಪರ್, ತಿದ್ದಲು ಎಷ್ಟು ದಿನ? ಕಲಿಸುವುದನ್ನು ನನಗೆ ಯಾರು ಕಲಿಸುತ್ತಾರೆ? ಕೊನೆಯದಕ್ಕೆ ಅವರು ಒಬ್ಬರ ಹೆಸರು ಹೇಳಿದರೆ, ಹೊರಡುವ ಮೊದಲು ಅವರನ್ನು ಹುಡುಕಿ ಐದು ನಿಮಿಷ ಮಾತಾಡಿಸಿ. ಸಾಧ್ಯವಾದರೆ ಅವರ ಈ ವಾರದ ಟೈಮ್‌ಟೇಬಲ್ ತೋರಿಸಲು ಕೇಳಿ.